ಎಂಟನೇ ತರಗತಿಗೆ ಯಾವ ಹೈಸ್ಕೂಲು? ಮಲೆನಾಡಿನ ಪೇಟೆಗಳ ಸರ್ಕಾರಿ, ಅನುದಾನಿತ, ಪಬ್ಲಿಕ್, ವಸತಿ ಶಾಲೆಗಳ ಹೋಲಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಕೊಪ್ಪ, ಶೃಂಗೇರಿ. ಮಲೆನಾಡಿನ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಏಳನೇ ಕ್ಲಾಸು ಮುಗಿಸಿದ ಮಗುವಿನ ಮುಂದೆ ಹೆಚ್ಚುಕಮ್ಮಿ ಇವೇ ದಾರಿಗಳು. ಪೇಟೆಯ ಸರ್ಕಾರಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ ಅಥವಾ ಕರ್ನಾಟಕ ಪಬ್ಲಿಕ್ ಶಾಲೆ, ಊರಿನ ಟ್ರಸ್ಟು ನಡೆಸುವ ಅನುದಾನಿತ ಹೈಸ್ಕೂಲು, ಮೊರಾರ್ಜಿಯಂಥ ವಸತಿ ಶಾಲೆ, ಮತ್ತೆ ಪೇಟೆಗೆ ಬರದೆ ಹೋಬಳಿ ಊರಲ್ಲೇ ಇರುವ ಸರ್ಕಾರಿ ಹೈಸ್ಕೂಲು. ಇಲ್ಲಿ ಶಾಲೆಗಳ ಹೆಸರು ಹಿಡಿದು ಒಳ್ಳೆಯದು ಕೆಟ್ಟದು ಎಂದು ಹೇಳಿಲ್ಲ. ಸರ್ಕಾರಿ ಶಾಲೆಯ ಗುಣ ಕಟ್ಟಡಕ್ಕಾಗಲಿ ಹೆಸರಿಗಾಗಲಿ ಅಂಟಿಕೊಂಡಿರುವುದಿಲ್ಲ. ಒಂದು ವರ್ಗಾವಣೆ ಕೌನ್ಸೆಲಿಂಗ್ ಆದರೆ ಸಾಕು, ಹೋದ ವರ್ಷ ಎಲ್ಲರೂ ಹೊಗಳುತ್ತಿದ್ದ ಶಾಲೆಯಲ್ಲಿ ಈ ವರ್ಷ ಗಣಿತಕ್ಕೆ ಮೇಷ್ಟ್ರೇ ಇರುವುದಿಲ್ಲ. ಆದ್ದರಿಂದ ಪ್ರತಿ ಬಗೆಯ ಶಾಲೆ ಎಲ್ಲಿ ಗಟ್ಟಿ, ಎಲ್ಲಿ ಸೋಲುತ್ತದೆ, ಅದನ್ನು ಸೇರಿಸುವ ಮೊದಲೇ ಪತ್ತೆ ಮಾಡುವುದು ಹೇಗೆ ಎನ್ನುವುದನ್ನು ನೋಡೋಣ.

ಮೊದಲು ಗೇಟಿನ ಮೇಲಿನ ಬ್ಯಾನರ್. "ಎಸ್‌ಎಸ್‌ಎಲ್‌ಸಿಯಲ್ಲಿ ಶೇ 100 ಫಲಿತಾಂಶ" ಎಂಬುದನ್ನು ನೋಡಿಯೇ ಬಹಳಷ್ಟು ಪೋಷಕರು ತೀರ್ಮಾನ ಮಾಡಿಬಿಡುತ್ತಾರೆ. ಈ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಂತೆಯೇ ಇಲ್ಲ. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಶೇ 20ರಷ್ಟು ಕೃಪಾಂಕ ಕೊಟ್ಟೂ ಅದು 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕ ಕೈಬಿಟ್ಟ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ 66.14. ಅದೇ ವರ್ಷ ಶಿವಮೊಗ್ಗ ಜಿಲ್ಲೆ ಶೇ 82.29 ಪಡೆದು ರಾಜ್ಯಕ್ಕೆ ನಾಲ್ಕನೆಯದಾಯಿತು. 2025-26ರಿಂದ ಪಾಸಾಗಲು 625ಕ್ಕೆ ಒಟ್ಟು 206 ಅಂಕ ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಎಂದು ನಿಯಮವೇ ಸಡಿಲವಾಯಿತು. ಹೀಗಿರುವಾಗ "ಹೋದ ವರ್ಷಕ್ಕಿಂತ ಹತ್ತು ಪರ್ಸೆಂಟ್ ಏರಿದೆ" ಎಂಬ ಮಾತಿನಿಂದ ಆ ಶಾಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಮೇಲೆ ಮಲೆನಾಡಿನ ಹೈಸ್ಕೂಲುಗಳು ಚಿಕ್ಕವು. ಹತ್ತನೇ ಕ್ಲಾಸಿನಲ್ಲಿ ಇಪ್ಪತ್ತೇ ಮಕ್ಕಳಿರುವ ಕಡೆ ಒಬ್ಬ ಹುಡುಗ ಫೇಲಾದರೆ ಶೇ 5 ಬಿದ್ದುಹೋಗುತ್ತದೆ.

ಕೇಳಬೇಕಾದ ಅಂಕಿಗಳು ಬೇರೆ. ಹೋದ ಸಲ ಹತ್ತನೇ ಕ್ಲಾಸು ಪರೀಕ್ಷೆ ಬರೆದ ಬ್ಯಾಚು ಎಂಟಕ್ಕೆ ಸೇರಿದಾಗ ಎಷ್ಟು ಜನ ಇದ್ದರು? ಸೇರಿದವರು 42, ಬರೆದವರು 31 ಎಂದಾದರೆ ಉಳಿದ 11 ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಲೇಬೇಕು. ಕೆಲವರು ಊರು ಬಿಟ್ಟಿರಬಹುದು. ಒಂಬತ್ತರಲ್ಲೇ ಹಿಂದುಳಿದವರನ್ನು ಟಿಸಿ ಕೊಟ್ಟು ಕಳಿಸಿಯೋ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿಯೋ ನೂರು ಪರ್ಸೆಂಟ್ ಮಾಡಿಕೊಳ್ಳುವ ಶಾಲೆಗಳೂ ಇರುತ್ತವೆ. ಎರಡನೆಯದು ಗುಣಾತ್ಮಕ ಫಲಿತಾಂಶ, ಅಂದರೆ ಪ್ರಥಮ ದರ್ಜೆಗಿಂತ ಮೇಲೆ ಎಷ್ಟು ಮಂದಿ ಎಂಬುದು. ಮೂರನೆಯದು ಗಣಿತ ಮತ್ತು ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಯ ಅಂಕ. ಆಂತರಿಕ 20ಕ್ಕೆ 19-20 ಎಲ್ಲ ಕಡೆ ಬರುತ್ತದೆ. ಉಳಿದ 80ಕ್ಕೆ ಸರಾಸರಿ ಎಷ್ಟು ಬಂದಿದೆ ಎಂಬುದೇ ಪಾಠ ನಡೆದಿದೆಯೋ ಇಲ್ಲವೋ ಎಂದು ಹೇಳುವುದು. ಬಹುಪಾಲು ಮಕ್ಕಳು ಆಂತರಿಕದಲ್ಲಿ ಪೂರ್ತಿ ತೆಗೆದು ಲಿಖಿತದಲ್ಲಿ ಮೂವತ್ತರ ಆಸುಪಾಸಿನಲ್ಲಿ ನಿಂತಿದ್ದರೆ ಅಲ್ಲಿ ನಡೆದದ್ದು "ಪಾಸಿಂಗ್ ಪ್ಯಾಕೇಜ್" ಮಾತ್ರ. ಗಣಿತದಲ್ಲಾದರೆ ಥೇಲ್ಸ್ ಪ್ರಮೇಯ, ರೇಖಾತ್ಮಕ ಸಮೀಕರಣಗಳ ನಕ್ಷೆ, ಒಂದೆರಡು ಸೂತ್ರ, ಅದೇ ಮಾದರಿಯ ಲೆಕ್ಕ, ಇಷ್ಟನ್ನೇ ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿದ್ದಿಸುವುದು. ಓದಿನಲ್ಲಿ ತೀರ ಹಿಂದೆ ಬಿದ್ದ ಮಗುವಿಗೆ ಅದು ನಿಜಕ್ಕೂ ಆಸರೆ, ಅದನ್ನು ಹಗುರಾಗಿ ನೋಡಬಾರದು. ಆದರೆ ಇಡೀ ಕ್ಲಾಸಿಗೆ ಅದೇ ಪಾಠವಾದರೆ ಸೈನ್ಸ್ ತೆಗೆದುಕೊಂಡ ಹುಡುಗಿ ಪಿಯುಸಿಯ ಮೊದಲ ತಿಂಗಳಲ್ಲೇ ತ್ರಿಕೋನಮಿತಿ ಎದುರು ಕೈಚೆಲ್ಲುತ್ತಾಳೆ.

ಇನ್ನು ಮುಖ್ಯ ವಿಷಯ. ಶಾಲೆಯ ನಿಜ ಸ್ಥಿತಿ ತಿಳಿಯಬೇಕೆಂದರೆ ಸ್ಟಾಫ್ ರೂಮಿನ ಗೋಡೆಯ ಮೇಲಿರುವ ವೇಳಾಪಟ್ಟಿಯನ್ನು ಓದಬೇಕು. ಮುಖ್ಯ ಶಿಕ್ಷಕರನ್ನು ಕೇಳಿದರೆ ಸಾಮಾನ್ಯವಾಗಿ ತೋರಿಸುತ್ತಾರೆ, ಅದರಲ್ಲಿ ಗುಟ್ಟೇನೂ ಇಲ್ಲ. ಮಧ್ಯಮ ಗಾತ್ರದ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜಕ್ಕೆ ಒಬ್ಬೊಬ್ಬರು, ಗಣಿತಕ್ಕೆ ಪಿಸಿಎಂ (ಭೌತ, ರಸಾಯನ, ಗಣಿತ ಓದಿದವರು), ವಿಜ್ಞಾನಕ್ಕೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವರು), ಜೊತೆಗೆ ದೈಹಿಕ ಶಿಕ್ಷಕರು ಇರಬೇಕು. ವೇಳಾಪಟ್ಟಿಯ ಮನೆಗಳಲ್ಲಿ ವಿಷಯದ ಕೆಳಗೆ ಶಿಕ್ಷಕರ ಹೆಸರಿನ ಮೊದಲಕ್ಷರ ಬರೆದಿರುತ್ತದೆ. ಗಣಿತದ ಪೀರಿಯಡ್ಡುಗಳ ಮೇಲೆ ಬೆರಳಿಟ್ಟು ಸೋಮವಾರದಿಂದ ಶನಿವಾರದವರೆಗೆ ಓಡಿಸಿ. ಮೂರೂ ತರಗತಿಗೆ ಒಂದೇ ಅಕ್ಷರ ಬಂದರೆ ಖಾಯಂ ಪಿಸಿಎಂ ಶಿಕ್ಷಕರಿದ್ದಾರೆ ಎಂದರ್ಥ. ಹತ್ತಕ್ಕೆ ಒಂದು ಅಕ್ಷರ, ಎಂಟು-ಒಂಬತ್ತಕ್ಕೆ ಬೇರೆ ಅಕ್ಷರ ಇದ್ದರೆ ಆ ಎರಡನೆಯವರು ಅತಿಥಿ ಶಿಕ್ಷಕರೋ ಎಂದು ಕೇಳಿ. ಅತಿಥಿ ಶಿಕ್ಷಕರು ಕಡಿಮೆ ಎಂಬ ಮಾತಲ್ಲ ಇದು, ಹುರುಪಿನಿಂದ ಪಾಠ ಮಾಡುವವರು ಅವರಲ್ಲಿ ಬಹಳ ಜನ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ನೇಮಕದ ಆದೇಶ ಬಂದು ಅವರು ಕ್ಲಾಸಿಗೆ ನಿಲ್ಲುವಷ್ಟರಲ್ಲಿ ಜೂನ್ ಹೋಗಿರುತ್ತದೆ, ಗೌರವಧನ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ನಡುವೆ ಬೇರೆ ಕೆಲಸ ಸಿಕ್ಕರೆ ಹೊರಡುತ್ತಾರೆ. ಮಗುವಿಗೆ ಒಂದೇ ವರ್ಷದಲ್ಲಿ ಮೂರು ಜನ ಬದಲಾದರೆ ಬಹುಪದೋಕ್ತಿ ಎಂಬ ಅಧ್ಯಾಯ ಮೂರು ಸಲ ಶುರುವಾಗಿ ಒಮ್ಮೆಯೂ ಮುಗಿಯುವುದಿಲ್ಲ.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮ ಇರುವ ಶಾಲೆಯಲ್ಲಿ ಇನ್ನೊಂದು ಲೆಕ್ಕ ಹಾಕಬೇಕು. ಎರಡು ಮಾಧ್ಯಮ, ಮೂರು ತರಗತಿ ಎಂದರೆ ಆರು ವಿಭಾಗ. ವಾರಕ್ಕೆ ಆರು ಪೀರಿಯಡ್ಡಿನಂತೆ ಗಣಿತವೊಂದಕ್ಕೇ 36 ಪೀರಿಯಡ್. ಒಬ್ಬರ ಕೈಯಲ್ಲಿ ಅಷ್ಟು ಆಗುವುದಿಲ್ಲ. ಆಗ ಎರಡೂ ಮಾಧ್ಯಮದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ಬಾಯಲ್ಲಿ ಕನ್ನಡ ಹೇಳುವ ಪದ್ಧತಿ ಬೀಳುತ್ತದೆ. ಇಂಗ್ಲಿಷ್ ಮಾಧ್ಯಮ ಎಂದು ಸೇರಿಸಿದವರಿಗೂ ನಷ್ಟ, ಕನ್ನಡ ಮಾಧ್ಯಮದ ಮಗುವಿಗೆ ಇನ್ನೂ ಹೆಚ್ಚು ನಷ್ಟ. ವೇಳಾಪಟ್ಟಿಯಲ್ಲಿ 9ಎ ಮತ್ತು 9ಬಿಗೆ ಒಂದೇ ಹೊತ್ತಿನಲ್ಲಿ ಒಬ್ಬರೇ ಶಿಕ್ಷಕರ ಹೆಸರು ಇದ್ದರೆ ಕ್ಲಾಸು ಕೂಡಿಸಿದ್ದಾರೆ ಎಂದು ತಿಳಿಯಿರಿ. ಶಾಲೆಗೆ ಹೋಗುವ ಮೊದಲೇ ಶಿಕ್ಷಕರ ಸಂಖ್ಯೆ, ಮಕ್ಕಳ ಸಂಖ್ಯೆ, ಶೌಚಾಲಯ, ಲ್ಯಾಬು ಇವುಗಳ ಸ್ಥೂಲ ಚಿತ್ರ ಬೇಕಿದ್ದರೆ ದೇಶದ ಶಾಲೆಗಳ ಅಂಕಿಅಂಶ ಇಡುವ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ 11 ಅಂಕಿಯ ಕೋಡ್ ಹಾಕಿ ನೋಡಬಹುದು (ಕರ್ನಾಟಕದ ಕೋಡ್‌ಗಳು 29ರಿಂದ ಶುರುವಾಗುತ್ತವೆ). ಅಲ್ಲಿನ ಮಾಹಿತಿ ಒಂದು ವರ್ಷ ಹಳೆಯದಿರುತ್ತದೆ. ಯಾರು ಯಾವ ವಿಷಯ ಹೇಳುತ್ತಿದ್ದಾರೆ ಎಂಬುದು ವೇಳಾಪಟ್ಟಿಯಲ್ಲೇ ಸಿಗಬೇಕು.

ಈ ಕಣ್ಣಿನಿಂದ ನೋಡಿದರೆ ಜೂನಿಯರ್ ಕಾಲೇಜಿನ ಪ್ರೌಢಶಾಲಾ ವಿಭಾಗ ಮತ್ತು ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಒಂದು ದೊಡ್ಡ ಅನುಕೂಲ ಇದೆ. ಮಕ್ಕಳ ಸಂಖ್ಯೆ ಜಾಸ್ತಿ, ಆದ್ದರಿಂದ ಒಂದೊಂದು ವಿಷಯಕ್ಕೆ ಇಬ್ಬರು ಶಿಕ್ಷಕರಿರುವ ಸಾಧ್ಯತೆ ಹೆಚ್ಚು. ಒಬ್ಬರಿಗೆ ವರ್ಗಾವಣೆಯಾದರೂ ಇನ್ನೊಬ್ಬರು ಹತ್ತನೇ ಕ್ಲಾಸನ್ನು ಎಳೆದುಕೊಂಡು ಹೋಗುತ್ತಾರೆ. ಚಿಕ್ಕ ಶಾಲೆಗೆ ಈ ಆಸರೆ ಇಲ್ಲ, ಇರುವ ಒಬ್ಬ ಪಿಸಿಎಂ ಹೋದರೆ ವರ್ಷವೇ ಹೋಯಿತು. ಪೇಟೆ ಶಾಲೆಗಳು ವರ್ಗಾವಣೆ ನಿಯಮದ ಎ ವಲಯಕ್ಕೆ ಸೇರುವುದರಿಂದ ಶಿಕ್ಷಕರು ಬಯಸಿ ಬರುತ್ತಾರೆ, ಖಾಲಿ ಹುದ್ದೆ ಬೇಗ ತುಂಬುತ್ತದೆ. ಸಿ ವಲಯದ ಒಳನಾಡಿನ ಶಾಲೆಗೆ ಬಂದವರು ಅವಧಿ ಮುಗಿಯುವುದನ್ನೇ ಕಾಯುವುದುಂಟು. ಪಬ್ಲಿಕ್ ಶಾಲೆಯಲ್ಲಿ ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣ, ಹತ್ತಾದ ಮೇಲೆ ಮತ್ತೆ ಅಲೆದಾಟ ಇಲ್ಲ. ಆದರೆ ಅರವತ್ತಕ್ಕೂ ಹೆಚ್ಚು ಮಕ್ಕಳ ಕ್ಲಾಸಿನಲ್ಲಿ ಮಾತಾಡದ ಮಗು ಯಾರ ಕಣ್ಣಿಗೂ ಬೀಳದೆ ಮೂರು ವರ್ಷ ಕಳೆದುಬಿಡಬಹುದು. ಆಡಳಿತವೂ ಎರಡು ತಲೆಯದು. ಕಾಲೇಜಿಗೆ ಪ್ರಾಂಶುಪಾಲರು, ಹೈಸ್ಕೂಲಿಗೆ ಉಪಪ್ರಾಂಶುಪಾಲರು. ದೂರು, ವಿನಂತಿ ಏನಿದ್ದರೂ ಉಪಪ್ರಾಂಶುಪಾಲರ ಬಳಿ ಹೋಗಿ, ಹೈಸ್ಕೂಲಿನ ದಿನದ ವ್ಯವಹಾರ ಅವರ ಕೈಯಲ್ಲಿರುತ್ತದೆ. ಪಿಯು ಪರೀಕ್ಷೆ ನಡೆಯುವ ದಿನಗಳಲ್ಲಿ ಹೈಸ್ಕೂಲಿನ ಕೋಣೆಗಳೂ ಹೋಗುತ್ತವೆ, ಆ ದಿನಗಳ ಪಾಠ ಎಲ್ಲಿ ಮಾಡುತ್ತೀರಿ ಎಂದು ಮೊದಲೇ ಕೇಳುವುದು ಒಳ್ಳೆಯದು.

ಅನುದಾನಿತ ಶಾಲೆಗಳ ಬಗ್ಗೆ ಮಲೆನಾಡಿನವರಿಗೆ ಒಂದು ಮಮತೆ ಇದೆ, ಅದಕ್ಕೆ ಕಾರಣವೂ ಇದೆ. ಸರ್ಕಾರಿ ಹೈಸ್ಕೂಲು ಬರುವ ಮೊದಲೇ ಊರಿನವರು ಚಂದಾ ಎತ್ತಿ ಕಟ್ಟಿದ ಶಾಲೆಗಳು ಇವು. ಶಿಕ್ಷಕರು ವರ್ಗಾವಣೆಯಾಗುವುದಿಲ್ಲ, ಇಪ್ಪತ್ತೈದು ಮೂವತ್ತು ವರ್ಷ ಒಂದೇ ಕಡೆ ಪಾಠ ಮಾಡಿದ ಮೇಷ್ಟ್ರಿಗೆ ಮಗುವಿನ ಮನೆಯ ಪರಿಸ್ಥಿತಿಯೂ ಗೊತ್ತಿರುತ್ತದೆ. ಪ್ರಥಮ ಭಾಷೆಯಾಗಿ ಸಂಸ್ಕೃತ ಸಿಗುವುದೂ ಹೆಚ್ಚಾಗಿ ಇಲ್ಲೇ. 125 ಅಂಕದ ವಿಷಯವಾದ್ದರಿಂದ ಅದರ ಮೇಲೆ ಕಣ್ಣಿಟ್ಟವರು ಬಹಳ. ಆದರೆ ಅಂಕಕ್ಕಾಗಿ ಕನ್ನಡವನ್ನು ಮೂರನೇ ಭಾಷೆಗೆ ತಳ್ಳುವ ಮೊದಲು ಮಗು ಪತ್ರ, ಪ್ರಬಂಧ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುತ್ತದೆಯೇ ನೋಡಿ. ಇವತ್ತಿನ ನಿಜವಾದ ಸಮಸ್ಯೆ ನಿವೃತ್ತಿಯದು. ಅನುದಾನಿತ ಹುದ್ದೆಯಲ್ಲಿದ್ದವರು ನಿವೃತ್ತರಾದರೆ ಆ ಹುದ್ದೆ ತುಂಬಲು ಸರ್ಕಾರದ ಒಪ್ಪಿಗೆ ಬೇಕು, ಅದು ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಆಡಳಿತ ಮಂಡಳಿ ತನ್ನ ದುಡ್ಡಿನಿಂದ ಯಾರನ್ನಾದರೂ ಇಟ್ಟುಕೊಳ್ಳಬೇಕು, ಆ ದುಡ್ಡು ಕೊನೆಗೆ ಪೋಷಕರಿಂದಲೇ ಬರಬೇಕು. ಹಾಗಾಗಿ ಇಲ್ಲಿ ಎರಡು ಪ್ರಶ್ನೆ. ಅನುದಾನದ ಸಂಬಳ ಪಡೆಯುವ ಶಿಕ್ಷಕರು ಎಷ್ಟು ಜನ ಉಳಿದಿದ್ದಾರೆ, ನಮ್ಮ ಮಗು ಹತ್ತಕ್ಕೆ ಬರುವುದರೊಳಗೆ ನಿವೃತ್ತರಾಗುವವರು ಯಾರು? ಗಣಿತದವರು ಮುಂದಿನ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ ಎಂದರೆ ಆ ಶಾಲೆಯ ಹಳೆಯ ಹೆಸರನ್ನು ನಂಬಿ ಸೇರಿಸಬಾರದು. ಅಭಿವೃದ್ಧಿ ನಿಧಿ, ಕಟ್ಟಡ ನಿಧಿ ಎಂದು ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಒಂದೇ ಗೇಟಿನೊಳಗೆ ಅನುದಾನಿತ ಕನ್ನಡ ಮಾಧ್ಯಮವೂ ಅನುದಾನರಹಿತ ಇಂಗ್ಲಿಷ್ ಮಾಧ್ಯಮವೂ ಇರುವುದು ಸಾಮಾನ್ಯ. ಬೋರ್ಡು ಒಂದೇ, ಸಮವಸ್ತ್ರ ಒಂದೇ, ಸೌಲಭ್ಯ ಮಾತ್ರ ಬೇರೆ. ಅನುದಾನಿತ ವಿಭಾಗದವರಿಗೆ ಪಠ್ಯಪುಸ್ತಕ ಉಚಿತ, ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತವೆ. ಅನುದಾನರಹಿತ ವಿಭಾಗದವರು ಪುಸ್ತಕ ಕೊಳ್ಳಬೇಕು, ಬುತ್ತಿ ತರಬೇಕು. ಸಮವಸ್ತ್ರದ ಬಟ್ಟೆ ಮತ್ತು ಶೂ ಸರ್ಕಾರಿ ಶಾಲೆಯವರಿಗೆ ಮಾತ್ರ. ಸೇರಿಸುವಾಗ ಅರ್ಜಿಯ ಮೇಲೆ ಯಾವ ವಿಭಾಗ ಎಂದು ಬರೆದಿದೆ, ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಯಾವ ಯುಡೈಸ್ ಕೋಡ್ ಅಡಿಯಲ್ಲಿ ಮಗು ದಾಖಲಾಯಿತು, ಎರಡನ್ನೂ ನೋಡಿ.

ವಸತಿ ಶಾಲೆಗಳದ್ದು ಬೇರೆ ದಾರಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ಶಾಲೆಗಳಿಗೆ ಆರನೇ ತರಗತಿಗೇ ಪ್ರವೇಶ ಪರೀಕ್ಷೆ. ಎಂಟಕ್ಕೆ ಸೇರಬೇಕೆಂದರೆ ಸೀಟು ಖಾಲಿಯಾಗಿರಬೇಕು. ಗಾಜನೂರಿನ ನವೋದಯ ವಿದ್ಯಾಲಯಕ್ಕೆ ಆರು ಮತ್ತು ಒಂಬತ್ತನೇ ತರಗತಿಗೆ ಪರೀಕ್ಷೆ ಇದೆ, ಅಲ್ಲಿನದು ಸಿಬಿಎಸ್‌ಇ ಪಠ್ಯಕ್ರಮ. ಇವುಗಳ ಫಲಿತಾಂಶವನ್ನು ಪೇಟೆಯ ಹೈಸ್ಕೂಲಿನ ಪಕ್ಕ ಇಟ್ಟು ಹೋಲಿಸುವುದು ನ್ಯಾಯವಲ್ಲ. ಪರೀಕ್ಷೆ ಮಾಡಿ ಆರಿಸಿಕೊಂಡ ಮಕ್ಕಳು, ಸಂಜೆ ಮೇಲ್ವಿಚಾರಣೆಯ ಓದು, ಬಸ್ಸಿನ ಚಿಂತೆ ಇಲ್ಲ. ಬಾಗಿಲಿಗೆ ಬಂದ ಎಲ್ಲರನ್ನೂ ಸೇರಿಸಿಕೊಂಡು, ತೋಟದ ಕೆಲಸ ಮುಗಿಸಿ ಬರುವ ಮಗುವನ್ನೂ ಪಾಸು ಮಾಡಿಸುವ ಸರ್ಕಾರಿ ಹೈಸ್ಕೂಲಿನ ಶೇ 80 ನಿಜಕ್ಕೂ ದೊಡ್ಡ ಸಾಧನೆ. ಮನೆ ಬಹಳ ದೂರ ಇದ್ದು ವಸತಿ ಶಾಲೆ ಸಿಗದವರಿಗೆ ಪೇಟೆಯ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್‌ಪೂರ್ವ ವಿದ್ಯಾರ್ಥಿ ನಿಲಯದಲ್ಲಿದ್ದು ಸರ್ಕಾರಿ ಶಾಲೆಗೆ ಹೋಗುವುದು ಒಳ್ಳೆಯ ನಡುದಾರಿ. ಹಾಸ್ಟೆಲ್ಲಿನ ಅರ್ಜಿಗೆ ಬೇರೆ ದಿನಾಂಕ ಇರುತ್ತದೆ, ಶಾಲೆಗೆ ಸೇರಿಸಿದ ಕೂಡಲೇ ಹಾಸ್ಟೆಲ್ ಸಿಕ್ಕಿತು ಎಂದು ತಿಳಿಯಬಾರದು.

ಬಸ್ಸು. ಮಲೆನಾಡಿನಲ್ಲಿ ಶಾಲೆಯ ಆಯ್ಕೆ ಎಷ್ಟೋ ಸಲ ಇಲ್ಲಿಗೇ ಬಂದು ನಿಲ್ಲುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಉಚಿತವಾಯಿತು. ನಮ್ಮ ಒಳ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಕೊಪ್ಪ ಕಡೆಯವರಿಗೆ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆ ಇತ್ತು, ಅದರ ವಿದ್ಯಾರ್ಥಿ ಪಾಸು ಎಷ್ಟೋ ಮಕ್ಕಳನ್ನು ಓದಿಸಿತು. 2020ರಲ್ಲಿ ಅದೂ ನಿಂತಿತು. ಆದ್ದರಿಂದ ಶಾಲೆ ನೋಡುವ ಮೊದಲು ಮಾರ್ಗ ನೋಡಿ. ಬೆಳಿಗ್ಗೆ ಬಸ್ಸು ಎಷ್ಟಕ್ಕೆ ಇಳಿಸುತ್ತದೆ ಎನ್ನುವುದಕ್ಕಿಂತ ಸಂಜೆ ಕೊನೆಯದು ಎಷ್ಟಕ್ಕೆ ಹೊರಡುತ್ತದೆ ಎಂಬುದು ಮುಖ್ಯ. ಶಾಲೆ ಬಿಡುವುದು ನಾಲ್ಕೂವರೆಗೆ. ಹತ್ತನೇ ಕ್ಲಾಸಿಗೆ ನವೆಂಬರಿನಿಂದ ವಿಶೇಷ ತರಗತಿ ಎಂದು ಐದೂವರೆವರೆಗೆ ಹಿಡಿಯುತ್ತಾರೆ. ಕೊನೆಯ ಬಸ್ಸು ಐದಕ್ಕೆ ಇದ್ದರೆ ಮಗುವಿಗೆ ಆ ತರಗತಿ ಇಲ್ಲವೇ ಇಲ್ಲ. ಅಂಥ ಮಕ್ಕಳಿಗೆ ಬೆಳಿಗ್ಗೆ ಒಂಬತ್ತಕ್ಕೆ ವಿಶೇಷ ತರಗತಿ ಇಡುತ್ತೀರಾ ಎಂದು ಮುಖ್ಯ ಶಿಕ್ಷಕರನ್ನು ಜೂನ್‌ನಲ್ಲೇ ಕೇಳಿ. ಮಕ್ಕಳ ಬಗ್ಗೆ ಕಾಳಜಿ ಇರುವ ಶಾಲೆಯವರ ಬಳಿ ಮಾರ್ಗವಾರು ಮಕ್ಕಳ ಪಟ್ಟಿಯೇ ಇರುತ್ತದೆ, ಯಾವ ಬಸ್ಸಿಗೆ ಯಾರು ಎಂದು ಬಾಯಲ್ಲೇ ಹೇಳುತ್ತಾರೆ. ಬಸ್ಸಿಳಿದ ಮೇಲಿನ ದಾರಿಯನ್ನೂ ಒಮ್ಮೆ ಮಳೆಗಾಲದ ಕಣ್ಣಿನಿಂದ ನೋಡಬೇಕು. ನಡುವೆ ಹಳ್ಳ ಇದ್ದು ದಾಟಲು ಅಡಿಕೆ ಮರದ ಕಾಲುಸಂಕ ಮಾತ್ರ ಇದ್ದರೆ ಜುಲೈ ಪೂರ್ತಿ ಹಾಜರಾತಿ ಹೋಗುತ್ತದೆ.

ಜುಲೈ ತಿಂಗಳ ಮಾತು ಬಂದಿದ್ದರಿಂದ ಕಟ್ಟಡದ ಬಗ್ಗೆ ಹೇಳಬೇಕು. ಮೇ ತಿಂಗಳಲ್ಲಿ ನೋಡಿದರೆ ಎಲ್ಲ ಶಾಲೆಯೂ ಚೆಂದ. ಗುರುತುಗಳನ್ನು ಗೋಡೆಯಲ್ಲಿ ಹುಡುಕಬೇಕು. ಕಿಟಕಿಯ ಕೆಳಗೆ ಕಪ್ಪು ಪಾಚಿಯ ಗೆರೆ ನೆಲದವರೆಗೆ ಇಳಿದಿದ್ದರೆ ಅಲ್ಲಿ ಎರಚಲು ಹೊಡೆಯುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಬೆಂಚಿಲ್ಲದೆ ಸಿಮೆಂಟು ಸವೆದಿದ್ದರೆ ಅಲ್ಲಿ ಬಕೆಟ್ ಇಡುತ್ತಾರೆ. ಹೆಂಚಿನ ಮಾಡು ಮಂಗ ಓಡಾಡಿದರೆ ಸೋರುತ್ತದೆ, ಆದರೆ ಹತ್ತು ಹೆಂಚು ಬದಲಿಸಿದರೆ ಸರಿಹೋಗುತ್ತದೆ. ತಾರಸಿ ಸೋರುವುದು ಶುರುವಾದರೆ ಅನುದಾನ ಬರುವವರೆಗೂ ಸೋರುತ್ತಲೇ ಇರುತ್ತದೆ. ತಗಡಿನ ಶೀಟು ಹೊದಿಸಿದ ಕೋಣೆ ಸೋರುವುದಿಲ್ಲ ನಿಜ, ಮಳೆ ಜೋರಾದರೆ ಮಾತ್ರ ಮೇಷ್ಟ್ರ ದನಿ ಎರಡನೇ ಬೆಂಚು ದಾಟುವುದಿಲ್ಲ. ಶೀಟಿನ ಕೆಳಗೆ ಒಳಮಾಡು ಇದೆಯೇ ನೋಡಿ. ಹತ್ತನೇ ಕ್ಲಾಸನ್ನು ಯಾವ ಕೋಣೆಯಲ್ಲಿ ಕೂರಿಸುತ್ತಾರೆ ಎಂಬುದರಿಂದಲೂ ಶಾಲೆಯವರ ಯೋಚನೆ ತಿಳಿಯುತ್ತದೆ. ಮಳೆ ರಜೆಗಳ ಪಾಠವನ್ನು ಶನಿವಾರ ಮಧ್ಯಾಹ್ನ, ಭಾನುವಾರ ತುಂಬಿಕೊಡಬೇಕೆಂಬ ಆದೇಶ ಪ್ರತಿ ವರ್ಷ ಬರುತ್ತದೆ. ತುಂಬಿಕೊಡುವವರೂ ಇದ್ದಾರೆ, ಹಾಜರಾತಿ ಹಾಕಿ ಕಳಿಸುವವರೂ ಇದ್ದಾರೆ. ಹೋದ ವರ್ಷದ ಮಕ್ಕಳನ್ನೇ ಕೇಳಿದರೆ ಉತ್ತರ ಸಿಗುತ್ತದೆ.

ವಿಜ್ಞಾನದ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕವನ್ನು ಕೇಳಿ ತೆಗೆಸಿ ಕಣ್ಣಿಟ್ಟು ನೋಡಿ. ನಮ್ಮ ಥಂಡಿಗೆ ಮುಚ್ಚಿಟ್ಟ ಲೆನ್ಸಿನ ಒಳಗೆ ಬೂಷ್ಟು ಹಿಡಿದು ಬಿಳಿ ಎಳೆಗಳು ಹರಡುತ್ತವೆ. ಒಂದು ಮಳೆಗಾಲ ಮುಟ್ಟದೆ ಇಟ್ಟರೂ ಸಾಕು. ಲೆನ್ಸು ಶುಭ್ರವಾಗಿದ್ದು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಅದನ್ನು ಬಳಸುವ ಶಿಕ್ಷಕರು ಅಲ್ಲಿದ್ದಾರೆ. ಸ್ಮಾರ್ಟ್ ಟಿವಿ, ಕಂಪ್ಯೂಟರ್ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಒಂದನ್ನು ಹಾಕಿ ತೋರಿಸಿ ಎನ್ನಿ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಸಿಡಿಲಿಗೆ ಪ್ಲಗ್ ತೆಗೆಯದೆ ಬಿಟ್ಟ ಕಂಪ್ಯೂಟರ್‌ಗಳು ಸುಡುತ್ತವೆ, ಯುಪಿಎಸ್ ಬ್ಯಾಟರಿ ಮೂರು-ನಾಲ್ಕು ವರ್ಷಕ್ಕೆ ಕೈಕೊಡುತ್ತದೆ, ಆಮೇಲೆ ಆ ಕೋಣೆಗೆ ಬೀಗ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಗೆ ಬದಲಾಗಿ ಎನ್‌ಎಸ್‌ಕ್ಯೂಎಫ್ ವೃತ್ತಿ ವಿಷಯ, ಐಟಿ, ಆಟೊಮೊಬೈಲ್ ಇತ್ಯಾದಿ, ತೆಗೆದುಕೊಳ್ಳಬಹುದು. ಹಿಂದಿ ಕಬ್ಬಿಣದ ಕಡಲೆಯಾದ ಮಗುವಿಗೆ ಇದು ಒಳ್ಳೆಯ ಆಯ್ಕೆ, ಆ ವಿಷಯದ ತರಬೇತುದಾರರು ನಿಜಕ್ಕೂ ಇದ್ದರೆ.

ಈಗ, ಪೋಷಕರು ಬಹುಪಾಲು ಯೋಚಿಸದೇ ಬಿಡುವ, ಆಮೇಲೆ ಸರಿಪಡಿಸಲು ಬಾರದ ವಿಷಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣಕ್ಕೆ ಶೇ 25, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ವರ್ಗದವರಿಗೆ ಕೆನೆಪದರದ ಷರತ್ತೂ ಇದೆ. ಏಳರವರೆಗೆ ಹಳ್ಳಿಯಲ್ಲಿ ಓದಿದ ಮಗುವನ್ನು ಎಂಟಕ್ಕೆ ತೀರ್ಥಹಳ್ಳಿ ಪೇಟೆಯೊಳಗಿನ ಶಾಲೆಗೆ ಸೇರಿಸಿದರೆ ಅಲ್ಲಿಗೆ ಗ್ರಾಮೀಣ ಪ್ರಮಾಣಪತ್ರ ಹೋಯಿತು. ಪಟ್ಟಣ ಪಂಚಾಯಿತಿ ಎಂದರೆ ಕಾನೂನಿನ ಪ್ರಕಾರ ನಗರ ಪ್ರದೇಶವೇ, ಸುತ್ತ ಎಷ್ಟೇ ಕಾಡು ತೋಟ ಇದ್ದರೂ. ಹೊಸನಗರ, ಕೊಪ್ಪ, ಶೃಂಗೇರಿಗೂ ಇದೇ ಮಾತು, ಸಾಗರವಂತೂ ನಗರಸಭೆ. ಮಕ್ಕಳು ಓದುವ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆಯೇ, ಪಟ್ಟಣದ ಗಡಿಯೊಳಗಿದೆಯೇ ಎಂಬುದಷ್ಟೇ ಪ್ರಶ್ನೆ, ಮನೆ ಎಲ್ಲಿದೆ ಎಂಬುದಲ್ಲ. ಪೇಟೆಯ ಅಂಚಿನಲ್ಲಿರುವ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ, ಗ್ರಾಮೀಣ ಪ್ರಮಾಣಪತ್ರಕ್ಕೆ ಕೊನೆಗೆ ಮೇಲುರುಜು ಹಾಕುವವರು ಅವರೇ. ಹಾಗೆಯೇ ಏಳರವರೆಗೆ ಕನ್ನಡ ಮಾಧ್ಯಮದಲ್ಲಿದ್ದವರನ್ನು ಎಂಟಕ್ಕೆ ಇಂಗ್ಲಿಷ್ ವಿಭಾಗಕ್ಕೆ ಬದಲಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿಯೂ ಹೋಗುತ್ತದೆ, ಜೊತೆಗೆ ಎಂಟನೇ ಕ್ಲಾಸಿನ ಮೊದಲರ್ಧ ಶಬ್ದಗಳ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ.

ಈ ಕಾರಣಕ್ಕೇ ಹೋಬಳಿ ಊರಿನ ಸರ್ಕಾರಿ ಹೈಸ್ಕೂಲನ್ನು ಕಡೆಯ ಆಯ್ಕೆ ಎಂದು ತಳ್ಳಬಾರದು. ಅಲ್ಲಿ ಪಿಸಿಎಂ ಮತ್ತು ಸಿಬಿಝಡ್ ಎರಡೂ ಹುದ್ದೆ ಭರ್ತಿ ಇವೆ ಎಂದಾದರೆ, ಓದಿನಲ್ಲಿ ಚುರುಕಾದ ಹಳ್ಳಿ ಮಗುವಿಗೆ ಅದೇ ಮೊದಲ ಆಯ್ಕೆ. ಕ್ಲಾಸಿನಲ್ಲಿ ಇಪ್ಪತ್ತೈದು ಮೂವತ್ತು ಮಕ್ಕಳು, ಮಗು ಮನೆಗೆ ಬೇಗ ಬರುತ್ತದೆ, ಎರಡೂ ಮೀಸಲಾತಿ ಉಳಿಯುತ್ತದೆ. ಹುದ್ದೆ ಖಾಲಿ ಇದ್ದರೆ ಲೆಕ್ಕ ತಿರುಗುತ್ತದೆ, ಆಗ ಜೂನಿಯರ್ ಕಾಲೇಜೇ ಸರಿ. ಮೀಸಲಾತಿಯ ಆಸೆಗೆ ಮೂರು ವರ್ಷ ಗಣಿತವಿಲ್ಲದೆ ಕೂರಿಸಿದರೆ ಆ ಮೀಸಲಾತಿ ಬಳಸಲು ಬೇಕಾದ ರ್‍ಯಾಂಕೇ ಬರುವುದಿಲ್ಲ. ಮಾತು ಕಡಿಮೆ, ನಿಧಾನ ಕಲಿಯುವ ಮಗು, ಪೇಟೆಯಲ್ಲೇ ಮನೆ ಎನ್ನುವವರಿಗೆ ಹಳೆಯ ಶಿಕ್ಷಕರು ಇನ್ನೂ ಉಳಿದಿರುವ ಅನುದಾನಿತ ಶಾಲೆ ಹೊಂದುತ್ತದೆ.

ಶಾಲೆಯವರ ಆಸಕ್ತಿ ಅಳೆಯಲು ಇನ್ನೊಂದು ಸುಲಭದ ಪ್ರಶ್ನೆ ಇದೆ. ಹೋದ ವರ್ಷ ಎಂಟನೇ ಕ್ಲಾಸಿನವರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಗೆ ಎಷ್ಟು ಜನರನ್ನು ಕೂರಿಸಿದಿರಿ? ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಏಳರಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟರಿಗೆ ಶೇ 50. ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ಪಠ್ಯ ವಿಷಯಕ್ಕೆ 90 ಪ್ರಶ್ನೆ. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ ಇದು, ನವೋದಯ ಮತ್ತು ಸರ್ಕಾರದ ವಸತಿ ಶಾಲೆಯವರಿಗೂ, ಅನುದಾನರಹಿತ ವಿಭಾಗದವರಿಗೂ ಇಲ್ಲ. ಪಠ್ಯದ ಭಾಗವನ್ನು ಮಕ್ಕಳು ಹೇಗೋ ಮಾಡುತ್ತಾರೆ. ಅಕ್ಷರ ಶ್ರೇಣಿ, ದರ್ಪಣ ಬಿಂಬ, ಘನಾಕೃತಿಯ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳನ್ನು ಯಾರಾದರೂ ಕೂರಿಸಿ ಅಭ್ಯಾಸ ಮಾಡಿಸದಿದ್ದರೆ ಮೊದಲ ಸಲ ನೋಡಿ ಗಾಬರಿಯಾಗುತ್ತಾರೆ. ವಾರಕ್ಕೆ ಎರಡು ದಿನ ಬೆಳಿಗ್ಗೆ ಈ ಅಭ್ಯಾಸ ಮಾಡಿಸುವ ಒಬ್ಬ ಶಿಕ್ಷಕರು ಇದ್ದಾರೆ ಎಂದರೆ ಆ ಶಾಲೆಗೆ ಬೇರೆ ಶಿಫಾರಸು ಬೇಡ.

ಸೇರಿಸುವಾಗ ಕಾಗದಪತ್ರ. ಏಳನೇ ಕ್ಲಾಸಿನ ಟಿಸಿ, ಸ್ಯಾಟ್ಸ್ ಸಂಖ್ಯೆ, ಮಗುವಿನ ಮತ್ತು ತಂದೆತಾಯಿಯ ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ, ನಡುವೆ ಮುಗಿದುಹೋದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಟಿಸಿ, ಸ್ಯಾಟ್ಸ್, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ ಅಕ್ಷರ ತಾಳೆ ನೋಡಿ. ಇನಿಷಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ, ತಂದೆಯ ಹೆಸರಿಗೆ "ಗೌಡ", "ನಾಯ್ಕ", "ಭಟ್" ಸೇರಿದೆಯೋ ಇಲ್ಲವೋ, ಜನ್ಮದಿನಾಂಕದ ತಿಂಗಳು ಅದಲುಬದಲಾಗಿದೆಯೋ ಎಂದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೆಸರು ಹೋಗುವುದು ಸ್ಯಾಟ್ಸ್‌ನಿಂದ. ಶಾಲೆಯ ದಾಖಲಾತಿಯಲ್ಲಿ ತಿದ್ದಲು ಬಿಇಒ ಆದೇಶ ಬೇಕು, ಅಂಕಪಟ್ಟಿ ಅಚ್ಚಾದ ಮೇಲಂತೂ ಕೋರ್ಟು ಮೆಟ್ಟಿಲು ಹತ್ತಬೇಕಾಗುವುದುಂಟು. ತಪ್ಪು ಆಧಾರ್‌ನಲ್ಲಿದ್ದರೆ ಜನನ ಪ್ರಮಾಣಪತ್ರ ಹಿಡಿದು ಅದನ್ನೇ ತಿದ್ದಿಸುವುದು ಹಗುರ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಬರುತ್ತದೆ, ಹಾಗಾಗಿ ಅರ್ಜಿಯ ಕರಡನ್ನು ಓದಿ ನೋಡದೆ ಸಹಿ ಮಾಡಬೇಡಿ. ಹದಿನೈದು ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದು ಬಹುತೇಕ ಮಕ್ಕಳಿಗೆ ಒಂಬತ್ತು ಅಥವಾ ಹತ್ತನೇ ಕ್ಲಾಸಿನಲ್ಲೇ ಬರುತ್ತದೆ, ದಸರಾ ರಜೆಯಲ್ಲಿ ಮುಗಿಸಿಕೊಂಡರೆ ಪರೀಕ್ಷೆ ಹೊತ್ತಿನಲ್ಲಿ ಓಡಾಟ ತಪ್ಪುತ್ತದೆ.